ಫ್ರಾಕ್ಟಲ್ ಅಂದ್ರೆ ಎಂತ ಅಂತ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಎಲ್ಲಿಂದ ಶುರು ಮಾಡುವುದು?

ಬದಿಯಡ್ಕ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಒಂದು ಕನ್ನಡ ಮೀಡಿಯಂ ಹೈಸ್ಕೂಲಲ್ಲಿ ಗಣಿತ ಟೀಚರ್. ಗಣಿತ ಕ್ಲಬ್ಬಿಗೆ ಈ ವರ್ಷ ಫ್ರಾಕ್ಟಲ್, ಅಂದ್ರೆ ಸಣ್ಣ ತುಂಡೂ ಇಡೀದರ ಹಾಗೇ ಕಾಣುವ ಆಕಾರ, ತೆಗೊಳ್ಳುವ ಅಂತ ಹೊರಟೆ. ಕಳೆದ ವಾರ ಪ್ರೊಜೆಕ್ಟರ್ ಹಾಕಿ ಮ್ಯಾಂಡಲ್‌ಬ್ರಾಟ್ ಸೆಟ್ ಅನ್ನುವ ಫ್ರಾಕ್ಟಲ್ ಚಿತ್ರದ ಒಳಗೆ ಹೋಗ್ತಾ ಹೋಗ್ತಾ ಇರುವ ಒಂದು ವೀಡಿಯೊ ತೋರಿಸಿದೆ, ಮಕ್ಕಳು ಬಾಯಿ ಬಿಟ್ಟು ನೋಡಿದ್ರು, ಚಂದ ಉಂಟು ಟೀಚರೇ ಅಂದ್ರು, ಬೆಲ್ಲಾಯ್ತು, ಹೋದ್ರು. ಮರುದಿನ ನಿನ್ನೆ ಎಂತ ನೋಡಿದ್ದು ಅಂತ ಕೇಳಿದ್ರೆ "ಬಣ್ಣ ಬಣ್ಣದ್ದು ತಿರುಗ್ತಾ ಇತ್ತಲ್ಲ" ಅಷ್ಟೇ. ಒಬ್ಬ ಹುಡುಗ ಮಾತ್ರ "ಅದು ಯಾರು ಬಿಡಿಸಿದ್ದು ಟೀಚರೇ" ಅಂತ ಕೇಳಿದ. ಆ ಪ್ರಶ್ನೆಗೆ ನನಗೆ ಸರಿಯಾಗಿ ಉತ್ತರ ಕೊಡ್ಲಿಕ್ಕೆ ಆಗ್ಲಿಲ್ಲ, ಮೂರು ದಿನ ಆಯ್ತು, ಅದೇ ತಲೆಯಲ್ಲಿ ಕೂತಿದೆ.

ತರಬೇತಿಯಲ್ಲಿ ಕೊಟ್ಟ ನೋಟ್ಸ್ ಪೂರ್ತಿ ಮಲಯಾಳದಲ್ಲಿ ಉಂಟು. ನಾನು ಓದ್ತೇನೆ, ಆದ್ರೆ ಮಕ್ಕಳಿಗೆ ಕನ್ನಡದಲ್ಲೇ ಹೇಳ್ಬೇಕಲ್ಲ. ಒಂಬತ್ತನೇ ಕ್ಲಾಸು, ಲಾಗರಿದಮ್ ಗೊತ್ತಿಲ್ಲ, ಕಾಂಪ್ಲೆಕ್ಸ್ ನಂಬರ್ ಗೊತ್ತಿಲ್ಲ, ಘಾತ ಗೊತ್ತುಂಟು, ಭಿನ್ನರಾಶಿ ಗೊತ್ತುಂಟು. ಎಲ್ಲಿಂದ ಶುರು ಮಾಡುವುದು? ಮಾಡಿ ನೋಡಿದವರು ಇದ್ರೆ ದಯವಿಟ್ಟು ಹೇಳಿ.

ಪೆರ್ಲದ ತೋಟದವ

ಟೀಚರೇ ನಾನು ಮಾಷ್ಟ್ರಲ್ಲ, ಅಡಿಕೆ ಕೃಷಿ, ಬಿಎಸ್ಸಿ ಮಾಡಿದ್ದು ಅಷ್ಟೇ. ಆದ್ರೂ ಹೇಳ್ತೇನೆ, ಪ್ರೊಜೆಕ್ಟರ್ ಬಿಡಿ, ನುಗ್ಗೆ ಸೊಪ್ಪು ತೆಗೊಂಡು ಹೋಗಿ.

ನುಗ್ಗೆಯ ಒಂದು ಪೂರ್ತಿ ಎಲೆ ಅಂದ್ರೆ ನಾವು ಸಾರಿಗೆ ಬಿಡಿಸ್ತೇವಲ್ಲ ಆ ಸಣ್ಣ ಉರುಟು ಎಸಳಲ್ಲ, ಗೆಲ್ಲಿಂದ ಕಿತ್ತು ಬರುವ ಮೊಳದುದ್ದದ ಇಡೀ ದಂಟು. ಆ ದಂಟಿನ ಎರಡೂ ಬದಿಗೆ ಕಿರುದಂಟು, ಕಿರುದಂಟಿನ ಎರಡೂ ಬದಿಗೆ ಅದಕ್ಕಿಂತ ಸಣ್ಣ ದಂಟು, ಅದರಲ್ಲಿ ಎಸಳು. ಬುಡದ ಕಡೆಯ ಒಂದು ಕಿರುದಂಟನ್ನು ಮುರಿದು ಬಿಳಿ ಕಾಗದದ ಮೇಲೆ ಇಟ್ಟು ಮೊಬೈಲಲ್ಲಿ ಹತ್ತಿರದಿಂದ ಫೋಟೋ ತೆಗೀರಿ, ಇಡೀ ಎಲೆಯದ್ದು ದೂರದಿಂದ ತೆಗೀರಿ, ಎರಡನ್ನೂ ಪಕ್ಕ ಪಕ್ಕ ತೋರಿಸಿ ಯಾವುದು ದೊಡ್ಡದು ಅಂತ ಕೇಳಿ. ನನ್ನ ಮಗಳಿಗೆ ಮಾಡಿದ್ದೆ, ಅವಳು ತಪ್ಪು ಹೇಳಿದ್ಳು, ಆಮೇಲೆ ಅವಳೇ ಅಡುಗೆಮನೆಯಲ್ಲಿ ಅಮ್ಮನಿಗೆ ಅದೇ ಪ್ರಶ್ನೆ ಹಾಕಿದ್ಳು.

ಅದರ ಪಕ್ಕದಲ್ಲೇ ಒಂದು ಅಡಿಕೆ ಸೋಗೆ ಇಡಿ. ಸೋಗೆಯದ್ದು ಒಂದೇ ಮೆಟ್ಟಿಲು, ನಡುವಿನ ದಂಟು, ಎರಡು ಬದಿಗೆ ಗರಿ, ಮುಗೀತು. ಗರಿಯ ತುಂಡು ತೆಗೊಂಡ್ರೆ ಅದು ಸೋಗೆಯ ಹಾಗೆ ಕಾಣುವುದಿಲ್ಲ. ನುಗ್ಗೆಯಲ್ಲಿ ತುಂಡು ಇಡೀದರ ಹಾಗೆ ಕಾಣ್ತದೆ, ಸೋಗೆಯಲ್ಲಿ ಕಾಣುವುದಿಲ್ಲ, ಈ ವ್ಯತ್ಯಾಸ ಮಕ್ಕಳ ಕಣ್ಣಿಗೆ ಬಿದ್ರೆ ಅರ್ಧ ಪಾಠ ಆಯ್ತು ಅಂತ ನನ್ನ ಲೆಕ್ಕ. ಸಿಂಗಾರ, ಅಂದ್ರೆ ಅಡಿಕೆಯ ಹೂಗೊನೆ, ಸಿಕ್ಕಿದ್ರೆ ಅದನ್ನೂ ತೆಗೊಳ್ಳಿ, ಹಾಳೆ ಬಿಡಿಸಿದ ಕೂಡಲೆ ನೋಡಿ, ಕೆಳಗಿನ ಕವಲುಗಳು ಇನ್ನೊಮ್ಮೆ ಕವಲಾಗ್ತವೆ, ತುದಿಯವು ಆಗುವುದಿಲ್ಲ. ಅಂದ್ರೆ ಅದು ಪೂರ್ತಿ ಹೌದೂ ಅಲ್ಲ, ಪೂರ್ತಿ ಅಲ್ಲವೂ ಅಲ್ಲ.

ಕುಂಬಳೆ ನಿವೃತ್ತ ಮಾಷ್ಟ್ರು

ಪೆರ್ಲದವರು ಹೇಳಿದ್ದು ಬಹಳ ಒಳ್ಳೆದಾಯ್ತು. ಮೂವತ್ತು ವರ್ಷ ಗಣಿತ ಹೇಳಿಕೊಟ್ಟವ ನಾನು, ಸೋಗೆ ಇಟ್ಟು ಅಲ್ಲ ಅಂತ ತೋರಿಸುವ ಉಪಾಯ ನನಗೆ ಹೊಳೆದಿರಲಿಲ್ಲ.

ಟೀಚರೇ, ಎಲೆ ನೋಡಿಯಾದ ಮೇಲೆ ಒಂದು ಪ್ರಶ್ನೆ ಬರ್ತದೆ, ನುಗ್ಗೆ ಮೂರು ಮೆಟ್ಟಿಲಲ್ಲಿ ನಿಲ್ತದೆ, ನಿಲ್ಲದೆ ಹೋದ್ರೆ ಎಂತ ಆಗ್ತದೆ? ಅಲ್ಲಿಂದ ಗಣಿತ. ಎ4 ಹಾಳೆ ಅಡ್ಡಕ್ಕೆ ಇಟ್ಟು 27 ಸೆಂಟಿಮೀಟರ್ ಗೆರೆ ಎಳೆಸಿ, 27 ಯಾಕೆ ಅಂತ ಮುಂದೆ ಗೊತ್ತಾಗ್ತದೆ. ಮೂರು ಸಮ ಪಾಲು ಮಾಡಿ, ನಡುವಿನ 9 ಸೆಂಟಿಮೀಟರನ್ನು ಅಳಿಸಿ ಆ ಜಾಗದಲ್ಲಿ 9-9ರ ಎರಡು ಗೆರೆ ಗುಡಾರದ ಹಾಗೆ ನಿಲ್ಲಿಸ್ಬೇಕು. ಈಗ 9ರ ನಾಲ್ಕು ಗೆರೆ, ಒಟ್ಟು 36. ಪ್ರತಿ ಗೆರೆಗೂ ಪುನಃ ಅದೇ ಕೆಲಸ, 3 ಸೆಂಟಿಮೀಟರಿನ 16 ಗೆರೆ, ಒಟ್ಟು 48. ಇನ್ನೊಮ್ಮೆ, 1 ಸೆಂಟಿಮೀಟರಿನ 64 ಗೆರೆ. 27, 36, 48, 64, ಒಂದು ಕಡೆಯೂ ದಶಾಂಶ ಬರುವುದಿಲ್ಲ, ಅದಕ್ಕೇ 27. ಪ್ರತಿ ಸಲ ಮೂರನೇ ಒಂದು ಪಾಲು ಹೆಚ್ಚಾಗ್ತಾ ಹೋಗ್ತದೆ, ಕೊನೆಯೇ ಇಲ್ಲ, ಆದ್ರೆ ಚಿತ್ರ ಮಾತ್ರ ಅದೇ ಹಾಳೆಯ ಒಳಗೆ ಕೂತಿರ್ತದೆ. ಇದನ್ನು 1904ರಲ್ಲಿ ಸ್ವೀಡನ್ನಿನ ಹೆಲ್ಗೆ ಫಾನ್ ಕಾಕ್ ಕೊಟ್ಟದ್ದು. ತ್ರಿಕೋನದ ಮೂರೂ ಬದಿಗೆ ಹೊರಮುಖವಾಗಿ ಇದೇ ಮಾಡಿದ್ರೆ ಹಿಮದ ಹರಳಿನ ಆಕಾರ ಬರ್ತದೆ, ಸುತ್ತಳತೆಗೆ ಮಿತಿಯಿಲ್ಲ, ಕ್ಷೇತ್ರಫಲ ಮಾತ್ರ ಮೊದಲಿನ ತ್ರಿಕೋನದ 8/5 ಪಾಲು ಆಗುವಲ್ಲಿಗೆ ಹೋಗಿ ನಿಲ್ತದೆ. ಬೇಲಿ ಹಾಕಿ ಮುಗಿಯದ ತೋಟ, ಆದ್ರೆ ತೋಟ ಮಾತ್ರ ಅಷ್ಟೇ ದೊಡ್ಡದು.

ಲಾಗ್ ಇಲ್ಲದೆ ಆಯಾಮ, ಅಂದ್ರೆ ಡೈಮೆನ್ಷನ್, ಹೇಳ್ಬಹುದು. ಗೆರೆಯನ್ನು ಮೂರು ಪಟ್ಟು ಹಿಗ್ಗಿಸಿದ್ರೆ ಅದರಲ್ಲಿ ಹಳೇ ಗೆರೆ 3 ಸಲ ಹಿಡಿಸ್ತದೆ, ಚೌಕಕ್ಕೆ ಹಾಗೆ ಮಾಡಿದ್ರೆ 9, ಘನಕ್ಕೆ 27. ಅಂದ್ರೆ 3ರ ಘಾತ 1, 2, 3, ಆ ಘಾತವೇ ಆಯಾಮ. ಕಾಕ್ ಗೆರೆಯನ್ನು ಮೂರು ಪಟ್ಟು ಹಿಗ್ಗಿಸಿದ್ರೆ 4. ಮೂರರ ಯಾವ ಘಾತ 4? ಒಂದಕ್ಕಿಂತ ಹೆಚ್ಚು, ಎರಡಕ್ಕಿಂತ ಕಡಿಮೆ. ಮಕ್ಕಳು ಇಷ್ಟು ಹೇಳಿದ್ರೆ ಸಾಕು. ಕ್ಯಾಲ್ಕುಲೇಟರಲ್ಲಿ ಒತ್ತಿ ನೋಡ್ತೇನೆ ಅಂತ ಹೊರಟವರಿಗೆ 1.26ರ ಹತ್ತಿರ ಸಿಗ್ತದೆ.

ಕೋಡಿಂಗ್ ಹುಡುಗ ನೀರ್ಚಾಲು

ಟೀಚರ್, ಶಾಲೆಯಲ್ಲಿ ಲಿಟಲ್ ಕೈಟ್ಸ್ ಅನ್ನುವ ಐಟಿ ಕ್ಲಬ್ಬಿನ ಮಕ್ಕಳಿದ್ರೆ ಸ್ಕ್ರಾಚ್ ಅನ್ನುವ ಮಕ್ಕಳ ಕೋಡಿಂಗ್ ಸಾಫ್ಟ್‌ವೇರಲ್ಲೇ ಮಾಷ್ಟ್ರು ಹೇಳಿದ ಗೆರೆ ಬಿಡಿಸ್ಬಹುದು, 60 ಡಿಗ್ರಿ ಎಡಕ್ಕೆ, 120 ಬಲಕ್ಕೆ, 60 ಎಡಕ್ಕೆ, ಅಷ್ಟೇ ತಿರುಗುವುದು. ಆದ್ರೆ ನನ್ನ ಅನುಭವದಲ್ಲಿ ಕಂಪ್ಯೂಟರ್ ಮೊದಲೇ ಕೊಟ್ರೆ ಪುನಃ ವೀಡಿಯೊ ನೋಡಿದ ಹಾಗೇ ಆಗ್ತದೆ. ಮೊದಲು ಬಾಯಲ್ಲಿ ಹೇಳಿಸಿ. ಎರಡೇ ನಿಯಮ: ಅ ಇದ್ದಲ್ಲಿ ಅಬ ಬರೀಬೇಕು, ಬ ಇದ್ದಲ್ಲಿ ಅ ಬರೀಬೇಕು.

ಅ
ಅಬ
ಅಬಅ
ಅಬಅಅಬ
ಅಬಅಅಬಅಬಅ

ಅಕ್ಷರ ಲೆಕ್ಕ ಮಾಡಿದ್ರೆ 1, 2, 3, 5, 8. ಮುಂದಿನದು ಎಷ್ಟು ಅಂತ ಮಕ್ಕಳೇ ಹೇಳ್ತಾರೆ. ಪ್ರತಿ ಸಾಲು ಅದರ ಹಿಂದಿನ ಸಾಲಿನಿಂದ ಶುರುವಾಗ್ತದೆ, ಅದನ್ನೂ ತೋರಿಸಿ. ಇದು ಅರಿಸ್ಟಿಡ್ ಲಿಂಡನ್‌ಮೇಯರ್ ಅನ್ನುವ ಸಸ್ಯವಿಜ್ಞಾನಿ 1968ರಲ್ಲಿ ಪಾಚಿ ಬೆಳೆಯುವ ಕ್ರಮ ಬರೀಲಿಕ್ಕೆ ಮಾಡಿದ ಪದ್ಧತಿ, ಎಲ್-ಸಿಸ್ಟಮ್ ಅಂತ ಹೆಸರು. ಅ ಅಂದ್ರೆ ಮುಂದೆ ಹೋಗು, ಬ ಅಂದ್ರೆ ತಿರುಗು, ಈ ತರ ಅರ್ಥ ಕೊಟ್ಟು ನಿಯಮ ಬದಲಾಯಿಸ್ತಾ ಹೋದ್ರೆ ಗಿಡ, ಜರಿಸಸ್ಯ ಎಲ್ಲ ಬರ್ತದೆ. "ಯಾರು ಬಿಡಿಸಿದ್ದು" ಅಂತ ಕೇಳಿದ ಹುಡುಗನಿಗೆ ಇದು ಉತ್ತರ ಅಂತ ನನಗೆ ಅನ್ನಿಸ್ತದೆ, ಯಾರೂ ಇಡೀ ಚಿತ್ರ ಬಿಡಿಸಿದ್ದಲ್ಲ, ಒಂದು ಸಣ್ಣ ನಿಯಮ ಬರೆದದ್ದು, ಅದನ್ನೇ ಪುನಃ ಪುನಃ ಮಾಡಿದ್ದು.

ಹೊಸೂರು ಚುಕ್ಕಿ ರಂಗೋಲಿ

ನಾನು ತಮಿಳ್ನಾಡು ಗಡಿ ಕಡೆಯವಳು, ಹೊಸೂರು. ಇಲ್ಲೂ ಕನ್ನಡ ಶಾಲೆ ಮಕ್ಕಳಿಗೆ ಪುಸ್ತಕ ಸಿಗೋದೇ ಕಷ್ಟ, ಅದಕ್ಕೇ ಈ ಮಾತು ಓದ್ತಾ ಖುಷಿ ಆಯ್ತು. ಎಲ್-ಸಿಸ್ಟಮ್ ಅಂದ್ರಲ್ಲ, ಅದಕ್ಕೂ ಕೋಲಕ್ಕೂ, ಅಂದ್ರೆ ತಮಿಳರ ಚುಕ್ಕಿ ರಂಗೋಲಿಗೂ, ಹತ್ತಿರದ ನಂಟಿದೆ. ತಾಂಬರಂನ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೋಮನಿ ಮತ್ತೆ ಅವರ ಜೊತೆಯವರು 1974ರಲ್ಲೇ ಕೋಲಗಳನ್ನ ಕಂಪ್ಯೂಟರ್ ವ್ಯಾಕರಣದಲ್ಲಿ ಬರೆಯೋದು ಹೇಗೆ ಅಂತ ಪೇಪರ್ ಪ್ರಕಟಿಸಿದ್ರು. ಮನೆ ಮುಂದೆ ಹೆಂಗಸರು ದಿನಾ ಬೆಳಿಗ್ಗೆ ಹಾಕೋ ಎಳೆ, ಅದು ಗಣಿತದ ಪೇಪರ್ ಆಯ್ತು, ನನಗಂತೂ ಅದನ್ನ ಓದಿದ ದಿನ ಕಣ್ಣು ತುಂಬಿ ಬಂತು.

ಆದ್ರೆ ಒಂದ್ ಮಾತು, ಎಲ್ಲಾ ರಂಗೋಲಿನೂ ಫ್ರಾಕ್ಟಲ್ ಅಂತ ಮಕ್ಕಳಿಗೆ ಹೇಳ್ಬೇಡಿ. ತಾವರೆ ಎಂಟು ದಳ ಹಾಕಿದ್ರೆ ಅದು ಸಮಮಿತಿ, ತಿರುಗಿಸಿದ್ರೆ ಹಾಗೇ ಕಾಣುತ್ತೆ ಅಷ್ಟೇ. ಚಿಕ್ಕ ಕೋಲ ನಾಲ್ಕು ಹಾಕಿ ಜೋಡಿಸಿ ದೊಡ್ಡದು, ಆ ದೊಡ್ಡದು ನಾಲ್ಕು ಜೋಡಿಸಿ ಇನ್ನೂ ದೊಡ್ಡದು, ಎಳೆ ಮಾತ್ರ ಎಲ್ಲೂ ಕಡಿಯದೆ ಒಂದೇ, ಹೀಗೆ ಬೆಳೆಯೋ ಜಾತಿದು ಬೇರೆ. ಕೃಷ್ಣನ ಕಾಲ್ಗೆಜ್ಜೆ ಅಂತ ಒಂದು ಕೋಲ ಆ ತರದ್ದು. ಮಕ್ಕಳ ಹತ್ರ ಎರಡೂ ಹಾಕಿಸಿ, ವ್ಯತ್ಯಾಸ ಕೈಗೇ ಗೊತ್ತಾಗುತ್ತೆ.

ಬದಿಯಡ್ಕ ಟೀಚರ್

ಇಷ್ಟು ಬೇಗ ಇಷ್ಟೆಲ್ಲ ಬರ್ತದೆ ಅಂತ ಗ್ರಹಿಸಿರ್ಲಿಲ್ಲ, ತುಂಬಾ ಧನ್ಯವಾದ. ಎರಡು ಸಂಶಯ. ಒಂದು, ಕನ್ನಡದಲ್ಲಿ ಎಂತ ಹೇಳುವುದು, ಫ್ರಾಕ್ಟಲ್ ಅಂತಲೇ ಸಾಕಾ? ಎರಡು, ಎಲೆ, ಗೆರೆ, ಕೋಲ ಎಲ್ಲ ಆಯ್ತು, ಇದರಿಂದ ಎಂತ ಉಪಯೋಗ ಅಂತ ಮಕ್ಕಳ ಅಪ್ಪ ಅಮ್ಮ ಕೇಳ್ತಾರೆ.

ಮಂಜೇಶ್ವರ ಭೂಗೋಳ

ಉಪಯೋಗಕ್ಕೆ ನಮ್ಮ ಕಡಲ ಕರೆ ಸಾಕು ಟೀಚರೇ. ನಾವೆಲ್ಲ ಶಾಲೆಯಲ್ಲಿ ಭಾರತದ ಕರಾವಳಿ 7,516 ಕಿಲೋಮೀಟರ್ ಅಂತ ಬಾಯಿಪಾಠ ಮಾಡಿದ್ದಲ್ವಾ. ಈಗ ಕೇಂದ್ರ ಗೃಹ ಇಲಾಖೆಯ 2023-24ರ ವಾರ್ಷಿಕ ವರದಿಯಲ್ಲಿ ಅದು 11,098 ಕಿಲೋಮೀಟರ್. ಸಮುದ್ರ ಬೆಳೆದದ್ದಲ್ಲ, ಅಳೆದ ಕೋಲು ಸಣ್ಣದಾದದ್ದು. ಹಳೇ ಲೆಕ್ಕದ ನಕ್ಷೆಯಲ್ಲಿ ಒಂದು ಸೆಂಟಿಮೀಟರ್ ಅಂದ್ರೆ 45 ಕಿಲೋಮೀಟರ್, ಹೊಸತರಲ್ಲಿ ಒಂದು ಸೆಂಟಿಮೀಟರ್ ಅಂದ್ರೆ ಎರಡೂವರೆ ಕಿಲೋಮೀಟರ್. ಮೊದಲು ಕಾಣದಿದ್ದ ಅಳಿವೆ, ಕೊಲ್ಲಿ, ಹಿನ್ನೀರಿನ ಬಾಯಿ ಎಲ್ಲ ಈಗ ಲೆಕ್ಕಕ್ಕೆ ಬಂತು.

ಇನ್ನು ರಾಜ್ಯವಾರು ನೋಡಿ, ಇದೇ ನನಗೆ ಬಹಳ ಇಷ್ಟ. ಗುಜರಾತ್ 1,214ರಿಂದ 2,340 ಆಯ್ತು. ಪಶ್ಚಿಮ ಬಂಗಾಳ 157ರಿಂದ 721. ನಮ್ಮ ಕೇರಳ ಸುಮಾರು 570ರಿಂದ 600, ಅಷ್ಟೇ. ಯಾಕೆ? ಬೇಕಲ ಕೋಟೆಯ ಮೇಲೆ ನಿಂತು ಉತ್ತರಕ್ಕೂ ದಕ್ಷಿಣಕ್ಕೂ ಮಕ್ಕಳು ನೋಡ್ಲಿ, ಹೊಯಿಗೆ ನೇರ ಎಳೆದ ಗೆರೆಯ ಹಾಗೆ ಹೋಗ್ತದೆ. ಬಂಗಾಳದ ಸುಂದರ್‌ಬನ್ ಹಾಗಲ್ಲ, ಅಲ್ಲಿ ಒಂದೊಂದು ಕಾಲುವೆಗೂ ಕವಲು. ಕೋಲು ಸಣ್ಣದು ಮಾಡಿದಾಗ ಉದ್ದ ಎಷ್ಟು ಬೇಗ ಏರ್ತದೆ ಅನ್ನುವುದೇ ಆ ಗೆರೆಯ ಒರಟುತನದ ಅಳತೆ. ಮಾಷ್ಟ್ರು ಹೇಳಿದ 1.26 ಇದೇ ಜಾತಿಯ ಸಂಖ್ಯೆ. ಬ್ರಿಟನ್ನಿನ ಪಶ್ಚಿಮ ಕರಾವಳಿಗೆ 1.25 ಬರ್ತದೆ, ನೇರ ಕರಾವಳಿಗೆ 1ರ ಹತ್ತಿರ.

ಇದನ್ನು ಅಳೆದು ಲೆಕ್ಕ ಹಾಕಿ ತೋರಿಸಿದ್ದು ಲೂಯಿಸ್ ಫ್ರೈ ರಿಚರ್ಡ್‌ಸನ್ ಅನ್ನುವ ಇಂಗ್ಲಿಷಿನವರು. ಅವರು ಯುದ್ಧವಿರೋಧಿ ಮನುಷ್ಯ. ಎರಡು ದೇಶದ ನಡುವೆ ಗಡಿ ಉದ್ದ ಇದ್ರೆ ಜಗಳ ಹೆಚ್ಚಾ ಅಂತ ನೋಡ್ಲಿಕ್ಕೆ ಗಡಿಯ ಉದ್ದ ಹುಡುಕಿದ್ರು, ನೋಡಿದ್ರೆ ಸ್ಪೇನ್-ಪೋರ್ಚುಗಲ್ ಗಡಿ ಒಂದು ಕಡೆ 987 ಕಿಲೋಮೀಟರ್, ಇನ್ನೊಂದು ಕಡೆ 1,214. ಒಂದೇ ಗಡಿ! ಅವರು 1953ರಲ್ಲಿ ತೀರಿಹೋದ್ರು, ಈ ಕೆಲಸ 1961ರಲ್ಲಿ ಅಚ್ಚಾಯ್ತು, ಅದನ್ನು ಓದಿ ಬೆನ್ವಾ ಮ್ಯಾಂಡಲ್‌ಬ್ರಾಟ್ 1967ರಲ್ಲಿ ಬ್ರಿಟನ್ನಿನ ಕರಾವಳಿ ಎಷ್ಟುದ್ದ ಅಂತ ಕೇಳಿದ ಲೇಖನ ಬರೆದ್ರು. ಗಡಿಯಲ್ಲಿ ಬದುಕುವ ನಮ್ಮ ಮಕ್ಕಳಿಗೆ ಈ ಕತೆ ಬೇರೆಯವರಿಗಿಂತ ಬೇಗ ತಲೆಗೆ ಹೋಗ್ತದೆ ಅಂತ ನನಗೆ ಖಂಡಿತ ಉಂಟು.

ಕುಂಬಳೆ ನಿವೃತ್ತ ಮಾಷ್ಟ್ರು

ಹೆಸರಿನ ವಿಷಯ. ಫ್ರಾಕ್ಟಲ್ ಅನ್ನುವ ಪದ ಮ್ಯಾಂಡಲ್‌ಬ್ರಾಟ್ 1975ರಲ್ಲಿ ಕಟ್ಟಿದ್ದು, ಲ್ಯಾಟಿನ್ನಿನ ಫ್ರಾಕ್ಟಸ್, ಅಂದ್ರೆ ಮುರಿದದ್ದು. ಫ್ರಾಕ್ಷನ್ ಕೂಡ ಅದೇ ಬೇರಿನದ್ದು. ನಮ್ಮಲ್ಲಿ ಒಡೆದ ವಿಗ್ರಹಕ್ಕೆ ಭಿನ್ನ ಆಗಿದೆ ಅಂತೇವೆ, ಫ್ರಾಕ್ಷನ್ನಿಗೆ ಭಿನ್ನರಾಶಿ ಅಂತೇವೆ. ಬೇರು ಎಷ್ಟು ಸರಿ ಹೊಂದ್ತದೆ ನೋಡಿ. ಹಾಗಂತ ಹೊಸ ಪದ ಹೇರುವುದು ಬೇಡ, ಫ್ರಾಕ್ಟಲ್ ಅಂತಲೇ ಹೇಳಿ, ಭಿನ್ನದ ಕತೆ ಒಮ್ಮೆ ಹೇಳಿ. ತುಂಡು ಇಡೀದರ ಹಾಗಿರುವುದಕ್ಕೆ ಸ್ವಸಾದೃಶ್ಯ ಅಂತ ಬರೆದು ಪರೀಕ್ಷೆಯಲ್ಲಿ ಅಂಕ ತೆಗೀಬಹುದು, ಆದ್ರೆ ಕ್ಲಾಸಲ್ಲಿ "ಮರಿ ತಾಯಿಯ ಹಾಗೆ" ಅಂದ್ರೆ ಬೇಗ ಗೊತ್ತಾಗ್ತದೆ.

ಇನ್ನೊಂದು ಆಟ ಹೇಳ್ತೇನೆ. ಮನೆಯಲ್ಲಿ ಚೆನ್ನೆಮಣೆ ಇದ್ರೆ ಅದರ ಮಂಜೊಟ್ಟಿ ಕಾಳು ತೆಗೊಳ್ಳಿ, 14 ಗುಳಿ, ಗುಳಿಗೆ 4, ಒಟ್ಟು 56. ನೆಲದಲ್ಲಿ ಸೀಮೆಸುಣ್ಣದಲ್ಲಿ ಮನೆಗಳ ತ್ರಿಕೋನ ಎಳೀರಿ, ಮೇಲೆ ಒಂದು ಮನೆ, ಕೆಳಗೆ ಎರಡು, ಮತ್ತೆ ಮೂರು. ತುದಿ ಮನೆಗಳಲ್ಲಿ ಯಾವಾಗಲೂ ಒಂದು ಕಾಳು. ನಡುವಿನ ಮನೆಗೆ, ಅದರ ತಲೆಯ ಮೇಲಿನ ಎರಡು ಮನೆಗಳಲ್ಲಿ ಒಂದರಲ್ಲಿ ಮಾತ್ರ ಕಾಳಿದ್ರೆ ಕಾಳು ಇಡಿ, ಎರಡರಲ್ಲೂ ಇದ್ರೆ ಅಥವಾ ಎರಡರಲ್ಲೂ ಇಲ್ಲದಿದ್ರೆ ಖಾಲಿ ಬಿಡಿ. ಅಷ್ಟೇ ನಿಯಮ, ಐದನೇ ಕ್ಲಾಸಿನವರೂ ಮಾಡ್ತಾರೆ. ಎಂಟು ಸಾಲಾಗುವಾಗ 27 ಕಾಳು ಕೂತಿರ್ತದೆ, ತ್ರಿಕೋನದ ಒಳಗೆ ತ್ರಿಕೋನ ತೂತು ಕಾಣ್ತದೆ. ಪೋಲೆಂಡಿನ ಸಿಯೆರ್ಪಿನ್‌ಸ್ಕಿ 1915ರಲ್ಲಿ ವಿವರಿಸಿದ ತ್ರಿಕೋನದ ರೂಪ ಇದು. ಕಾಳಿದ್ದಲ್ಲಿ ಬೆಸ, ಖಾಲಿ ಇದ್ದಲ್ಲಿ ಸಮ ಅಂತ ಓದಿದ್ರೆ ಇದು ಪ್ಯಾಸ್ಕಲ್ ತ್ರಿಕೋನ, ಅಂದ್ರೆ ಪ್ರತಿ ಮನೆಯಲ್ಲಿ ತಲೆಯ ಮೇಲಿನ ಎರಡು ಸಂಖ್ಯೆಗಳ ಮೊತ್ತ ಬರೆಯುವ ತ್ರಿಕೋನ.

ಕನ್ನಡ ಟೀಚರನ್ನೂ ಜೊತೆಗೆ ಸೇರಿಸಿ. ಛಂದಸ್ಸಿಗೆ ಮಕ್ಕಳು ಲಘು ಗುರು ಪ್ರಸ್ತಾರ ಹಾಕ್ತಾರಲ್ಲ, ಇಷ್ಟು ಅಕ್ಷರದ ಸಾಲಲ್ಲಿ ಇಷ್ಟು ಗುರು ಬರುವ ವಿಧ ಎಷ್ಟು ಅಂತ ಲೆಕ್ಕ ಹಾಕಿದ್ರೆ ಇದೇ ಸಂಖ್ಯೆಗಳು. ಪಿಂಗಳನ ಛಂದಃಸೂತ್ರಕ್ಕೆ ವ್ಯಾಖ್ಯಾನ ಬರೆದ ಹಲಾಯುಧ 10ನೇ ಶತಮಾನದಲ್ಲಿ ಇದನ್ನು ಮೇರು ಪ್ರಸ್ತಾರ ಅಂತ ವಿವರಿಸಿದ್ದಾನೆ.

ಉಪ್ಪಳ ಪ್ರವಾಸಿ

ಹಾಗಾದ್ರೆ ಫ್ರಾಕ್ಟಲ್ ನಮ್ಮ ಹಿರಿಯರಿಗೆ ಸಾವಿರ ವರ್ಷ ಮೊದಲೇ ಗೊತ್ತಿತ್ತು ಅಂತ ಆಯ್ತಲ್ಲ ಮಾಷ್ಟ್ರೇ. ಖಜುರಾಹೋದ ಕಂದರಿಯಾ ಮಹಾದೇವ ದೇವಸ್ಥಾನ ನೋಡಿ ಬಂದವ ನಾನು, ದೊಡ್ಡ ಶಿಖರಕ್ಕೆ ಅಂಟಿಕೊಂಡು ಅದರದ್ದೇ ಆಕಾರದ ಸಣ್ಣ ಶಿಖರ, ಅದಕ್ಕೆ ಇನ್ನೂ ಸಣ್ಣದು, ಇದನ್ನೂ ಪಾಠಕ್ಕೆ ಹಾಕ್ಬೇಕು.

ಕುಂಬಳೆ ನಿವೃತ್ತ ಮಾಷ್ಟ್ರು

ಶಿಖರ ಖಂಡಿತ ಹಾಕ್ಬೇಕು ಅಣ್ಣ, 11ನೇ ಶತಮಾನದ ಆ ಶಿಲ್ಪಿಗಳ ಕಣ್ಣಿಗೆ ಕೈ ಮುಗೀಬೇಕು. ಆದ್ರೆ ಗೊತ್ತಿತ್ತು ಅನ್ನುವ ಮಾತನ್ನು ಸ್ವಲ್ಪ ತಡೀರಿ. ಹಲಾಯುಧನ ಉದ್ದೇಶ ಛಂದಸ್ಸಿನ ವೃತ್ತಗಳ ಲೆಕ್ಕ, ಬೆಸ ಮನೆಗೆ ಬಣ್ಣ ಹಾಕಿ ತೂತು ನೋಡುವುದಲ್ಲ. ಶಿಲ್ಪಿ ಮೂರ್ನಾಲ್ಕು ಮೆಟ್ಟಿಲು ಕಡೆದ, ಮೆಟ್ಟಿಲು ನಿಲ್ಲದೇ ಹೋದ್ರೆ ಉದ್ದಕ್ಕೂ ಆಯಾಮಕ್ಕೂ ಎಂತ ಆಗ್ತದೆ ಅನ್ನುವ ಪ್ರಶ್ನೆ ಬೇರೆ ಕಾಲದ್ದು. ಇಬ್ಬರಿಗೂ ಅವರವರ ಗೌರವ ಅವರು ಮಾಡಿದ್ದಕ್ಕೇ ಸಿಗ್ಲಿ. ಮಕ್ಕಳು ದೊಡ್ಡವರಾಗಿ ಓದುವಾಗ ನಮ್ಮ ಮಾತು ಸುಳ್ಳು ಅಂತ ಕಂಡ್ರೆ ನುಗ್ಗೆ ಸೊಪ್ಪಿನ ಪಾಠವನ್ನೂ ನಂಬುವುದಿಲ್ಲ.

ಉಪ್ಪಳ ಪ್ರವಾಸಿ

ಸರಿ ಮಾಷ್ಟ್ರೇ, ಒಪ್ಪಿದೆ. ಟೀಚರಿಗೆ ಶಿಖರದ ಫೋಟೋ ಕಳಿಸ್ತೇನೆ, ಹತ್ತಿರದಿಂದ ತೆಗೆದದ್ದೂ ಉಂಟು.

ಬದಿಯಡ್ಕ ಟೀಚರ್

ಎರಡು ವಾರ ಬಿಟ್ಟು ಬರೀತಾ ಇದ್ದೇನೆ, ಸ್ವಲ್ಪ ಉದ್ದ ಆಗ್ತದೆ.

ಮೊದಲ ದಿನ ನುಗ್ಗೆ, ಸೋಗೆ, ಸಿಂಗಾರ. ಫೋಟೋ ಪ್ರಶ್ನೆಗೆ ಅರ್ಧಕ್ಕರ್ಧ ಮಕ್ಕಳು ತಪ್ಪು ಹೇಳಿದ್ರು, ಪೆರ್ಲದ ಅಣ್ಣ ಹೇಳಿದ ಹಾಗೆಯೇ. ಆಮೇಲೆ ಮಳೆ ನಿಂತಿತ್ತು, ಅಂಗಳಕ್ಕೆ ಕರ್ಕೊಂಡು ಹೋದೆ, ಮುರಕಲ್ಲಿನ ಮಣ್ಣಲ್ಲಿ ನೀರು ಕೊರೆದ ಸಣ್ಣ ಸಣ್ಣ ತೋಡು ಸೇರಿ ಸೇರಿ ಒಂದು ದೊಡ್ಡದಾಗಿ ಗೇಟಿನ ಹತ್ತಿರ ಹೊರಗೆ ಹೋಗಿತ್ತು. ಒಬ್ಬಳು ಕೂತು ನೋಡಿ "ಟೀಚರೇ ಇದು ಪಯಸ್ವಿನಿಯ ಮರಿ" ಅಂದ್ಳು, ಪಯಸ್ವಿನಿ ಅಂದ್ರೆ ನಮ್ಮ ಕಡೆಯ ಹೊಳೆ. ನಾನು ಹೇಳಿಕೊಟ್ಟದ್ದಲ್ಲ. ಬಯಾಲಜಿ ಟೀಚರೂ ಬಂದು ಶ್ವಾಸನಾಳ ಸುಮಾರು 23 ಸಲ ಕವಲಾಗ್ತದೆ, ಕೊನೆಗೆ ಹತ್ತಾರು ಕೋಟಿ ಗಾಳಿಗೂಡು, ಬಿಡಿಸಿ ಹರಡಿದ್ರೆ ನಮ್ಮ ಕ್ಲಾಸ್ ರೂಮಿಗಿಂತ ದೊಡ್ಡ ಜಾಗ ಅಂತ ಹೇಳಿದ್ರು, ಮಕ್ಕಳು ಎದೆ ಮುಟ್ಟಿ ನೋಡಿಕೊಂಡ್ರು. ಉಪಯೋಗ ಎಂತ ಅಂತ ಕೇಳಿದವರಿಗೆ ಇನ್ನು ನನ್ನ ಹತ್ತಿರ ಉತ್ತರ ಉಂಟು.

27ರ ಗೆರೆ ಎರಡು ಪೀರಿಯಡ್ ತೆಗೊಂಡಿತು. 64 ಗೆರೆಯವರೆಗೆ ಏಳು ಮಕ್ಕಳು ಮಾತ್ರ ತಲುಪಿದ್ದು, ಬೇರೆಯವರದ್ದು 48ರಲ್ಲೇ ಹಾಳೆ ಅಳಿಸಿ ಅಳಿಸಿ ಹರೀತು. ಮುಂದಿನದು ಎಷ್ಟು ಅಂತ ಕೇಳಿದಾಗ 64ರ ಮೂರನೇ ಒಂದು ಪಾಲು ಸರಿಯಾಗಿ ಬರುವುದಿಲ್ಲ ಅಂತ ಗಲಾಟೆ, ಆಗ 85 ಮತ್ತು 1/3 ಅಂತ ಬರೆದು ತೋರಿಸಿದವ ಯಾವಾಗಲೂ ಹಿಂದಿನ ಬೆಂಚಲ್ಲಿ ಸುಮ್ಮನೆ ಕೂರುವವ.

ಮಂಜೊಟ್ಟಿಯ ದಿನ ಮಾತ್ರ ಮರೀಲಿಕ್ಕಿಲ್ಲ. ಅಜ್ಜಿ ಮನೆಯ ಚೆನ್ನೆಮಣೆಯ ಕಾಳು ಒಬ್ಬಳು ತಂದಿದ್ಳು, ಎಣಿಸಿದ್ರೆ ಸರಿಯಾಗಿ 56. ಎಂಟು ಸಾಲಿಗೆ 27, ಮಾಷ್ಟ್ರು ಹೇಳಿದ ಹಾಗೆ. ಅಲ್ಲಿಗೆ ನಿಲ್ಲಿಸುವ ಅಂದ್ರೆ ಕೇಳ್ಬೇಕಲ್ಲ. ಒಂಬತ್ತನೇ ಸಾಲಲ್ಲಿ ಎರಡು ತುದಿಯಲ್ಲಿ ಮಾತ್ರ ಕಾಳು, ನಡುವೆ ಪೂರ್ತಿ ಖಾಲಿ, ಆಗ ಎಲ್ಲರೂ ಒಮ್ಮೆಲೇ ಸುಮ್ಮನಾದ್ರು, ಆಟ ಮುಗೀತಾ ಅಂತ. ಮತ್ತೆ ನೋಡ್ತಾ ನೋಡ್ತಾ ಎರಡೂ ತುದಿಯಿಂದ ಮೊದಲಿನ ತ್ರಿಕೋನವೇ ಪುನಃ ಶುರುವಾಯ್ತು. ಹದಿಮೂರು ಸಾಲಿಗೆ 49 ಕಾಳು ಖರ್ಚಾಯ್ತು, ಕೈಯಲ್ಲಿ 7. ಹದಿನಾಲ್ಕನೇ ಸಾಲಿಗೆ ಬೇಕಾದ್ದು 8! ಒಂದೇ ಒಂದು ಕಾಳು ಕಡಿಮೆ. ಆ ಖಾಲಿ ಮನೆಯಲ್ಲಿ ಒಬ್ಬ ಅಂಗಿಯ ಬಟನ್ ಕಿತ್ತು ಇಟ್ಟ.

ಇನ್ನು ಹದಿನಾರು ಸಾಲು ಮಾಡ್ಬೇಕಂತೆ. ಎಷ್ಟು ಕಾಳು ಬೇಕು ಅಂತ ನಾನು ಕೇಳುವ ಮೊದಲೇ, 27ರ ತ್ರಿಕೋನ ಮೂರು ಅಲ್ವಾ ಟೀಚರೇ, 81 ಅಂತ ಅವರೇ ಹೇಳಿದ್ರು.

ಕುಂಬಳೆ ನಿವೃತ್ತ ಮಾಷ್ಟ್ರು

ಟೀಚರೇ, ನಾಲ್ಕು ಸಲ ಓದಿದೆ. ಈಗ ಆ ಮ್ಯಾಂಡಲ್‌ಬ್ರಾಟ್ ಸೆಟ್ಟಿನ ವೀಡಿಯೊಗೆ ವಾಪಸ್ ಹೋಗ್ಬಹುದು ನೀವು. ಕಾಂಪ್ಲೆಕ್ಸ್ ನಂಬರ್ ಬೇಡ, ಶುರುವಿಗೆ ಪೂರ್ಣಾಂಕ ಸಾಕು. 0 ಇಂದ ಶುರು, ವರ್ಗ ಮಾಡು, ಒಂದು ಸಂಖ್ಯೆ ಕೂಡಿಸು, ಬಂದದ್ದನ್ನು ಪುನಃ ವರ್ಗ ಮಾಡು, ಅದೇ ಸಂಖ್ಯೆ ಕೂಡಿಸು. ಕೂಡಿಸುವುದು 1 ಆದ್ರೆ 0, 1, 2, 5, 26, ಓಡಿಹೋಗ್ತದೆ. ಮೈನಸ್ 1 ಆದ್ರೆ 0, -1, 0, -1, ಅಲ್ಲೇ ಸುತ್ತುತ್ತದೆ. ಮೈನಸ್ 2 ಆದ್ರೆ 0, -2, 2, 2, ನಿಂತೇಬಿಡ್ತದೆ. ಮೈನಸ್ 3 ಓಡಿಹೋಗ್ತದೆ. ಓಡದೆ ಉಳಿಯುವ ಸಂಖ್ಯೆಗಳು ಕೂತ ಜಾಗವೇ ಆ ಚಿತ್ರದ ನಡುವಿನ ಕಪ್ಪು ಭಾಗ, ಹೊರಗಿನ ಬಣ್ಣ ಎಷ್ಟು ಬೇಗ ಓಡಿದ್ದು ಅನ್ನುವುದಕ್ಕೆ. 0.25 ಮತ್ತು 0.3 ಕ್ಯಾಲ್ಕುಲೇಟರಲ್ಲಿ ಹಾಕಿಸಿ, ಒಂದು ಓಡುವುದಿಲ್ಲ, ಇನ್ನೊಂದು ನಿಧಾನಕ್ಕೆ ಓಡ್ತದೆ. ಅವರೇ ಹುಡುಕ್ಲಿ.

ಬದಿಯಡ್ಕ ಟೀಚರ್

ಸೋಮವಾರ ಮಾಡ್ತೇನೆ ಮಾಷ್ಟ್ರೇ. "ಯಾರು ಬಿಡಿಸಿದ್ದು" ಅಂತ ಕೇಳಿದವನನ್ನೇ ಬೋರ್ಡಿಗೆ ಕರೀತೇನೆ.

ಪೆರ್ಲದ ತೋಟದವ

ಟೀಚರೇ ನಮ್ಮ ತೋಟದ ಬದಿಯಲ್ಲಿ ಮಂಜೊಟ್ಟಿ ಮರ ಉಂಟು, ಕೆಳಗೆ ಬೇಕಾದಷ್ಟು ಬಿದ್ದಿದೆ. ಶನಿವಾರ ಬದಿಯಡ್ಕಕ್ಕೆ ಬರ್ಲಿಕ್ಕಿದೆ, ಒಂದು ಸೇರು ತರ್ತೇನೆ, ಶಾಲೆಗೇ ಇರ್ಲಿ. ಮೂವತ್ತೆರಡು ಸಾಲಿಗೆ ಸಾಕಾಗ್ಬಹುದು, 243 ಅಲ್ವಾ?